ಸೆಮಿನರಿಗೆ ಹೋದರೆ ನಂಬಿಕೆ ಹೋಗುವುದಿಲ್ಲ: ನಮ್ಮ ಸಭೆಗಳ ಹಿರಿಯರಿಗೆ ಒಂದು ಬಹಿರಂಗ ಪತ್ರ

ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಸಭೆಗಳ ಹಿರಿಯರೆ, ಪಾಸ್ಟರ್‌ಗಳೆ, ಅಕ್ಕ ತಂಗಿಯರೆ,

ಯೇಸುಸ್ವಾಮಿಯ ಹೆಸರಿನಲ್ಲಿ ನಿಮ್ಮೆಲ್ಲರಿಗೂ ವಂದನೆ.

ನಾನು ಬೀದರ್ ಜಿಲ್ಲೆಯ ಒಂದು ಹಳ್ಳಿಯ ಹುಡುಗಿ. ನಮ್ಮದು ಮೆಥೋಡಿಸ್ಟ್ (ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಮನೆತನ. ಬೆಂಗಳೂರಿನ ಒಂದು ಸೆಮಿನರಿಯಲ್ಲಿ, ಅಂದರೆ ಪಾಸ್ಟರ್ ಆಗುವವರು ಓದುವ ಕಾಲೇಜಿನಲ್ಲಿ, ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಓದುತ್ತಿದ್ದೇನೆ. ಓದಿನ ನಡುವೆ ಸಭೆಗಳಲ್ಲಿ ಕೆಲಸ ಮಾಡಿ ಕಲಿಯುವ ಅವಧಿ ಒಂದಿರುತ್ತದೆ. ಅದಕ್ಕಾಗಿ ಈಗ ಊರ ಕಡೆ ಬಂದಿದ್ದೇನೆ. ಭಾನುವಾರ ಆರಾಧನೆ, ಮಕ್ಕಳಿಗೆ ಸಂಡೇ ಸ್ಕೂಲ್, ವಾರದ ನಡುವೆ ಮನೆಗಳಲ್ಲಿ ಪ್ರಾರ್ಥನೆ ಕೂಟ, ಯಾರಾದರೂ ಆಸ್ಪತ್ರೆ ಸೇರಿದ್ದರೆ ಅಲ್ಲಿಗೆ. ನಿಮ್ಮಲ್ಲಿ ಕೆಲವರಿಗೆ ನನ್ನ ಪರಿಚಯ ಇದೆ. ನಿಮ್ಮ ಮನೆಗಳಲ್ಲಿ ಕೂತು ಊಟ ಮಾಡಿದ್ದೇನೆ.

ಬಂದಾಗಿನಿಂದ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. "ಸೆಮಿನರಿಗಿ ಹೋದ್ರ ವಿಶ್ವಾಸ ಹೋಗ್ತದ." ಕೆಲವರು ನಗುತ್ತಾ ಹೇಳುತ್ತಾರೆ. ಇನ್ನು ಕೆಲವರು ನನ್ನ ಮೇಲಿನ ಪ್ರೀತಿಯಿಂದಲೇ, ತಲೆಯ ಮೇಲೆ ಕೈ ಇಟ್ಟು ಹೇಳುತ್ತಾರೆ. ಒಂದೆರಡು ಸಭೆಗಳಲ್ಲಂತೂ ಇನ್ನು ಮುಂದೆ ಮಕ್ಕಳನ್ನು ಕಳಿಸುವುದೇ ಬೇಡ ಎನ್ನುವ ತನಕ ಮಾತು ಬಂದಿದೆ. ಅದಕ್ಕೇ ಈ ಪತ್ರ ಬರೆಯಲೇಬೇಕು ಅನ್ನಿಸಿತು.

ನಿಮ್ಮ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಕಣ್ಣೀರು ಹಾಕಿ ಪ್ರಾರ್ಥನೆ ಮಾಡುತ್ತಿದ್ದ ಹುಡುಗನನ್ನು ನೀವು ಕಳಿಸಿರುತ್ತೀರಿ. ಅವನು ಬರುವಾಗ ಕೈಯಲ್ಲಿ ನೋಟ್ಸ್ ಇರುತ್ತದೆ, ಬಾಯಲ್ಲಿ ಇಂಗ್ಲಿಷ್ ಇರುತ್ತದೆ. ಮೊದಲಿನ ಹಾಗೆ ಕೂಟದಲ್ಲಿ ಗಟ್ಟಿಯಾಗಿ "ಆಮೆನ್" ಅನ್ನುವುದಿಲ್ಲ. ನಡುವೆ ಸುಮ್ಮನೆ ಯೋಚನೆ ಮಾಡುತ್ತಾ ಕೂರುತ್ತಾನೆ. ಹುಡುಗ ತಣ್ಣಗಾದ ಅಂತ ನಿಮಗೆ ಅನ್ನಿಸುವುದು ಸಹಜ. ಆದರೆ ಅಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಯಾರೂ ಕೂತು ಹೇಳಿಲ್ಲ. ನಾನು ಹೇಳುತ್ತೇನೆ.

ಬೆಳಗ್ಗೆ ಗಂಟೆ ಹೊಡೆಯುತ್ತದೆ. ಎದ್ದು ಸ್ನಾನ ಮುಗಿಸಿ ಚಾಪೆಲ್‌ಗೆ, ಅಂದರೆ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ, ಹೋಗಬೇಕು. ಆರಾಧನೆ ನಡೆಸುವ ಸರದಿ ವಿದ್ಯಾರ್ಥಿಗಳದ್ದೇ. ಒಂದು ದಿನ ನಾಗಾಲ್ಯಾಂಡಿನ ಹುಡುಗ ಗಿಟಾರ್ ಹಿಡಿದು ಹಾಡಿಸುತ್ತಾನೆ. ಇನ್ನೊಂದು ದಿನ ಕೇರಳದ ಹುಡುಗಿ ಮಲಯಾಳದಲ್ಲಿ ಕೀರ್ತನೆ ಓದುತ್ತಾಳೆ. ನನ್ನ ಸರದಿ ಬಂದಾಗ ನಮ್ಮ ಕಡೆಯ ಭಜನೆ ಹಾಡಿಸಿದೆ. ತಾಳ ಕೊಡಲು ತಮಿಳು ಗೆಳತಿ ಮುಂದೆ ಬಂದಳು. ಆಮೇಲೆ ಮಧ್ಯಾಹ್ನದವರೆಗೆ ತರಗತಿ. ನಂತರ ಲೈಬ್ರರಿ. ಸಂಜೆ ಅಂಗಳ ಗುಡಿಸುವುದು, ಗಿಡಗಳಿಗೆ ನೀರು, ಅಡುಗೆಮನೆಯಲ್ಲಿ ಪಾಳಿ. ಊಟಕ್ಕೆ ಎರಡು ಹೊತ್ತೂ ಅನ್ನ. ನಮ್ಮಂಥವರಿಗೆ ಜೋಳದ ರೊಟ್ಟಿ ಇಲ್ಲದೆ ಹೊಟ್ಟೆ ತುಂಬಿದ ಹಾಗೇ ಆಗುವುದಿಲ್ಲ. ಅವ್ವ ಡಬ್ಬಿಯಲ್ಲಿ ಕಟ್ಟಿಕೊಟ್ಟ ಶೇಂಗಾ ಹಿಂಡಿ ನಾಲ್ಕು ದಿನದಲ್ಲಿ ಖಾಲಿ, ಯಾಕೆಂದರೆ ಮಿಜೋರಾಂನ ನನ್ನ ರೂಮ್‌ಮೇಟ್‌ಗೂ ಅದು ತುಂಬಾ ಹಿಡಿಸಿಬಿಟ್ಟಿತು.

ಬಿ.ಡಿ. ಅಂದರೆ ಪದವಿ ಮುಗಿಸಿ ಬಂದವರಿಗೆ 4 ವರ್ಷ, ಪಿಯುಸಿ ಮುಗಿಸಿ ಬಂದವರಿಗೆ 5 ವರ್ಷ. ಪದವಿ ಕೊಡುವುದು ಸೆರಾಂಪುರ ಕಾಲೇಜಿನ ಸೆನೆಟ್ ಅನ್ನುವ ಮಂಡಳಿ. ಬಂಗಾಳದ ಸೆರಾಂಪುರದಲ್ಲಿ ಮಿಷನರಿ ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಕಾಲೇಜು ಕಟ್ಟಿದರು. ಆ ಊರು ಆಗ ಡೆನ್ಮಾರ್ಕಿನ ಕೈಯಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ರಾಜ ಅದಕ್ಕೆ ಪದವಿ ಕೊಡುವ ಅಧಿಕಾರ ಕೊಟ್ಟ. ಹಾಗಾಗಿ ಇದು ಯಾರೋ ನಿನ್ನೆ ಮೊನ್ನೆ ಶುರು ಮಾಡಿದ ಓದಲ್ಲ. ನಮ್ಮ ಸಭೆಗಳನ್ನು ನಡೆಸಿದ ಎಷ್ಟೋ ಹಿರಿಯ ಪಾಸ್ಟರ್‌ಗಳು ಇದೇ ದಾರಿಯಲ್ಲಿ ಬಂದವರು.

ನಾನು ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳು. ಇಂಗ್ಲಿಷಿನ ದಪ್ಪ ಪುಸ್ತಕ ಎದುರಿಗೆ ಬಂದಾಗ ಒಂದು ಪುಟಕ್ಕೆ ಒಂದು ಸಂಜೆ ಹೋಗುತ್ತಿತ್ತು. ಆದರೆ ಗ್ರೀಕ್ ತರಗತಿಯಲ್ಲಿ ಹಾಗಲ್ಲ. ಕಾನ್ವೆಂಟಿನಲ್ಲಿ ಓದಿದವರೂ ಆಲ್ಫಾ, ಬೀಟಾದಿಂದಲೇ ಶುರು ಮಾಡಬೇಕು, ನಾನೂ ಅಲ್ಲಿಂದಲೇ. ಅಲ್ಲಿ ನನಗೆ ಮೊದಲ ಸಲ ಧೈರ್ಯ ಬಂತು. ಯೋಹಾನನ ಸುವಾರ್ತೆಯ ಮೊದಲ ಸಾಲನ್ನು ಅದು ಬರೆದ ಭಾಷೆಯಲ್ಲೇ ನಾನಾಗಿ ಓದಿದ ದಿನ ನನಗಾದ ಖುಷಿಯನ್ನು ಅವ್ವನಿಗೆ ಫೋನಿನಲ್ಲಿ ಹೇಳಲು ಆಗಲಿಲ್ಲ. ಸುಮ್ನೆ ಅತ್ತೆ.

ಈ ವಿಷಯದಲ್ಲಿ ಸೆಮಿನರಿಗಳಿಗೂ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಮಕ್ಕಳಿಗೆ ಮೊದಲ ವರ್ಷಗಳು ಇಂಗ್ಲಿಷಿನ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತವೆ. ಕಲಿತದ್ದನ್ನು ಮತ್ತೆ ಕನ್ನಡಕ್ಕೆ ತರುವುದು ಇನ್ನೊಂದು ಕೆಲಸ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಕನ್ನಡದಲ್ಲೇ ಓದುವ ದಾರಿ ಇದೆ. ಅಂಥ ದಾರಿ ನಮಗೆ ಇನ್ನೂ ಹತ್ತಿರದಲ್ಲಿ ಬೇಕು. ಬಳ್ಳಾರಿಯಲ್ಲಿದ್ದುಕೊಂಡು ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದದ್ದರಿಂದ 1831ರ ಹೊತ್ತಿಗೆ ಇಡೀ ಸತ್ಯವೇದ (ಬೈಬಲ್) ಕನ್ನಡದಲ್ಲಿ ಬಂತು. ಮಂಗಳೂರಿನ ಬಾಸೆಲ್ ಮಿಷನ್ನಿನವರು 1843ರಲ್ಲೇ ಕನ್ನಡ ಪತ್ರಿಕೆ ತಂದರು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂತು. ಕನ್ನಡಕ್ಕೆ ಇಷ್ಟು ಕೆಲಸ ಮಾಡಿದ ಸಭೆಯ ಮಕ್ಕಳು ದೇವರ ಬಗ್ಗೆ ಓದಲು ಇಂಗ್ಲಿಷನ್ನೇ ದಾಟಿ ಹೋಗಬೇಕು ಅನ್ನುವುದು ನನಗೆ ನೋವಿನ ವಿಷಯ.

ಈಗ ನೀವು ಹೆದರುವ ವಿಷಯಕ್ಕೆ ಬರುತ್ತೇನೆ.

ಹಳೆ ಒಡಂಬಡಿಕೆಯ ತರಗತಿಯಲ್ಲಿ ಮೇಷ್ಟ್ರು ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಲು ಹೇಳಿದರು. ಚಿಕ್ಕಂದಿನಿಂದ ಓದಿದ್ದೆ, ಬಾಯಿಪಾಠವೂ ಇತ್ತು. ಆದರೆ ಹಾಗೆ ಯಾವತ್ತೂ ನೋಡಿರಲಿಲ್ಲ. ಮೊದಲ ಅಧ್ಯಾಯದಲ್ಲಿ ಗಿಡ, ಪ್ರಾಣಿ ಎಲ್ಲ ಆದಮೇಲೆ ಕೊನೆಗೆ ಮನುಷ್ಯರು, ಗಂಡು ಹೆಣ್ಣು ಒಟ್ಟಿಗೆ. ಎರಡನೆಯದರಲ್ಲಿ ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಹೆಂಗಸು. ಆ ದಿನ ನನ್ನ ಕಾಲ ಕೆಳಗಿನ ನೆಲ ಅಲುಗಾಡಿತು. ಮತ್ತೊಂದು ದಿನ ಮಾರ್ಕನ ಸುವಾರ್ತೆಯ ಕೊನೆ. ತುಂಬಾ ಹಳೆಯ ಕೈಬರಹದ ಪ್ರತಿಗಳಲ್ಲಿ ಅದು 16ನೇ ಅಧ್ಯಾಯದ 8ನೇ ವಚನಕ್ಕೇ ನಿಂತುಬಿಡುತ್ತದೆ. ಹೆಂಗಸರು ಸಮಾಧಿಯಿಂದ ಹೆದರಿ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ.

ಕೆಲವು ರಾತ್ರಿ ನನಗೆ ಪ್ರಾರ್ಥನೆ ಮಾಡಲು ಆಗಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಬಾಯಿ ತೆರೆದರೆ ಮಾತು ಬರುತ್ತಿರಲಿಲ್ಲ. ನನ್ನ ಜೊತೆಯ ಹುಡುಗಿಯೊಬ್ಬಳು ಚಾಪೆಲ್‌ಗೆ ಬರುವುದನ್ನೇ ಬಿಟ್ಟಳು. ಮೇಷ್ಟ್ರು ಅವಳನ್ನು ಬೈಯಲಿಲ್ಲ. ಒಂದು ಸಂಜೆ ಮನೆಗೆ ಕರೆದು ಚಹಾ ಕೊಟ್ಟು, ಯೋಬನ ಪುಸ್ತಕ ಪೂರ್ತಿ ಓದು ಅಂದರು. ಅದರಲ್ಲಿ ಯೋಬ ದೇವರ ಜೊತೆ ಜಗಳ ಆಡುತ್ತಾನೆ. ಅವನ ಗೆಳೆಯರು ದೇವರ ಪರವಾಗಿ ಚೆನ್ನಾಗಿ ವಾದ ಮಾಡುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಯೋಬ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ, ನೀವು ಆಡಲಿಲ್ಲ ಅಂತ ದೇವರೇ ಹೇಳುತ್ತಾನೆ. ಆ ಹುಡುಗಿ ಮರಳಿ ಬಂದಳು. ಈಗ ಅವಳು ಪ್ರಾರ್ಥನೆ ಮಾಡಿದರೆ ನಾವೆಲ್ಲ ಸುಮ್ಮನೆ ಕೇಳುತ್ತಾ ಕೂರುತ್ತೇವೆ. ಅವಳ ಮಾತಿನಲ್ಲಿ ಸುಳ್ಳೇ ಇರುವುದಿಲ್ಲ.

ನನಗೂ ಹಾಗೇ ಆಯಿತು. ಮೊದಲು ನನ್ನ ನಂಬಿಕೆ ಸತ್ಯವೇದದಲ್ಲಿ ಒಂದು ಗೆರೆಯೂ ಅತ್ತಿತ್ತ ಆಗಬಾರದು ಅನ್ನುವುದರ ಮೇಲೆ ನಿಂತಿತ್ತು. ಈಗ ಅದು ದೇವರ ಮೇಲೆ ನಿಂತಿದೆ. ಅಳುವ, ಹೆದರುವ, ಓಡಿಹೋಗುವ, ಜಗಳ ಆಡುವ ಜನರ ಕೈಗೇ ದೇವರು ತನ್ನ ಮಾತನ್ನು ಕೊಟ್ಟ ಅಂತ ತಿಳಿದಮೇಲೆ ನನಗೆ ಆತನ ಮೇಲೆ ಪ್ರೀತಿ ಜಾಸ್ತಿ ಆಯಿತು. ಸಮಾಧಿಯಿಂದ ಓಡಿದ ಆ ಹೆಂಗಸರು ಕೊನೆಗೂ ಯಾರಿಗೋ ಹೇಳಿರಲೇಬೇಕು. ಇಲ್ಲದಿದ್ದರೆ ಬೀದರ್‌ನ ಹಳ್ಳಿಯಲ್ಲಿ ಕೂತ ನನ್ನ ಅಜ್ಜಿಗೆ ಅದು ತಿಳಿಯುತ್ತಿರಲಿಲ್ಲ ಅಲ್ವಾ?

ಊರಿಗೆ ಬಂದಮೇಲೆ ಒಂದು ಭಾನುವಾರ ಸತ್ಯವೇದದ ಕೀರ್ತನೆಗಳ ಪುಸ್ತಕದ 137ನೇ ಕೀರ್ತನೆಯ ಮೇಲೆ ಮಾತಾಡಿದೆ. ಬಾಬೆಲಿನ ನದಿಗಳ ಹತ್ತಿರ ಕೂತು ಅತ್ತೆವು ಅನ್ನುವ ಕೀರ್ತನೆ ಅದು. ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಕೆಲಸಕ್ಕೆ ಹೋದ ಮಕ್ಕಳು ಇಲ್ಲದ ಮನೆ ನಮ್ಮ ಸಭೆಯಲ್ಲಿ ಒಂದೂ ಇಲ್ಲ. ಕಟ್ಟಡದ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗುವವರಿಗೆ ಈ ಕೀರ್ತನೆ ಅರ್ಥವಾದ ಹಾಗೆ ಬೇರೆ ಯಾರಿಗೂ ಆಗುವುದಿಲ್ಲ. ಅದನ್ನು ವಿವರಿಸುವಾಗ, ಕೀರ್ತನೆಗಳೆಲ್ಲ ದಾವೀದ ರಾಜನವೇ ಅಂತ ನಾವು ಅಂದುಕೊಂಡಿದ್ದರೂ ಇದು ದಾವೀದನ ಕಾಲದ್ದಲ್ಲ, ಯೆರೂಸಲೇಮು ಬಿದ್ದು ಜನ ಸೆರೆಹೋದಮೇಲೆ ಹುಟ್ಟಿದ್ದು, ದಾವೀದನಿಗೂ ಇದಕ್ಕೂ ನಡುವೆ ಸುಮಾರು 400 ವರ್ಷ ಇದೆ ಅಂತ ಹೇಳಿದೆ. ಆರಾಧನೆ ಮುಗಿದಮೇಲೆ ಹಿರಿಯರೊಬ್ಬರು ಹೊರಗೆ ನಿಲ್ಲಿಸಿ ಕೇಳಿದರು: "ಸಿಸ್ಟರ್, ಸತ್ಯವೇದ ತಿದ್ದಲಾಕ ಹೊಂಟೀರೇನು?"

ನಾನು ಅವರಿಗೆ ಆ ಕೀರ್ತನೆಯನ್ನೇ ತೆಗೆದು ತೋರಿಸಿದೆ. ಮೇಲೆ ದಾವೀದನ ಹೆಸರಿಲ್ಲ. 90ನೇ ಕೀರ್ತನೆಯ ಮೇಲೆ ಮೋಶೆಯ ಹೆಸರಿದೆ. 88ರ ಮೇಲೆ ಹೇಮಾನನ ಹೆಸರಿದೆ. ಇದೆಲ್ಲ ಅವರ ಕೈಯಲ್ಲಿದ್ದ ಸತ್ಯವೇದದಲ್ಲೇ ಇತ್ತು, ನಾನು ಬೆಂಗಳೂರಿನಿಂದ ತಂದದ್ದಲ್ಲ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇಷ್ಟು ದಿನ ಕಣ್ಣಿಗಿ ಬಿದ್ದಿಲ್ಲ ನೋಡ್ರಿ" ಅಂದರು. ಮುಂದಿನ ವಾರ ಅವರೇ ಇನ್ನೊಂದು ಪ್ರಶ್ನೆ ತಂದರು. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಮಾತು ಅಷ್ಟರಲ್ಲಿ ಬೇರೆ ಹಳ್ಳಿಗಳಿಗೂ ಹೋಗಿತ್ತು. ಅದರಲ್ಲಿ ಅವರ ಮೊದಲ ಪ್ರಶ್ನೆ ಮಾತ್ರ ಇತ್ತು, ಆಮೇಲೆ ನಡೆದದ್ದು ಇರಲಿಲ್ಲ.

ಪ್ರಶ್ನೆ ಕೇಳುವುದು ಅಪನಂಬಿಕೆ ಅಂತ ನಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಲೂಕನು ಬರೆದದ್ದನ್ನು ನೋಡಿ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತಿದ್ದ. ಏನು ಮಾಡುತ್ತಿದ್ದ? ಅವರ ಮಾತು ಕೇಳುತ್ತಿದ್ದ, ಅವರಿಗೆ ಪ್ರಶ್ನೆ ಹಾಕುತ್ತಿದ್ದ. ಬೆರೋಯ ಅನ್ನುವ ಊರಿನ ಜನ ಅಪೊಸ್ತಲ ಪೌಲನ ಬೋಧನೆಯನ್ನು ಕೂಡ ಹಾಗೇ ಒಪ್ಪಲಿಲ್ಲ. ದಿನಾ ಶಾಸ್ತ್ರ ತೆಗೆದು ಇದು ಹೌದಾ ಅಂತ ನೋಡುತ್ತಿದ್ದರು. ಅಪೊಸ್ತಲರ ಕೃತ್ಯಗಳಲ್ಲಿ ಅವರನ್ನು ಅದಕ್ಕಾಗಿ ಹೊಗಳಿದ್ದಾರೆ, ಬೈದಿಲ್ಲ. ತೋಮನು ಗಾಯ ಮುಟ್ಟದೆ ನಂಬುವುದಿಲ್ಲ ಅಂದಾಗ ಯೇಸು ಅವನನ್ನು ಹೊರಗೆ ಹಾಕಲಿಲ್ಲ, ಹತ್ತಿರ ಬಂದು ಕೈ ಮುಂದೆ ಚಾಚಲು ಹೇಳಿದ. ನಮ್ಮ ದೇಶದ ಕ್ರೈಸ್ತರು ಮೊದಲ ಸುವಾರ್ತೆ ತಂದವನೆಂದು ನೆನೆಯುವುದು ಅದೇ ತೋಮನನ್ನು.

ಇನ್ನು ನಮ್ಮ ನೆಲವನ್ನೇ ನೋಡಿ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಬಂದವರನ್ನೆಲ್ಲ ಪ್ರಶ್ನೆ ಮಾಡಿಯೇ ಒಳಗೆ ಬಿಟ್ಟರು ಅಂತ ನಮ್ಮ ಊರಿನ ಪ್ರತಿ ಮಗುವಿಗೂ ಗೊತ್ತು. ಅಕ್ಕಮಹಾದೇವಿಯನ್ನೂ ಅವರು ಬಿಡಲಿಲ್ಲ, ಅಕ್ಕನೂ ಉತ್ತರ ಕೊಡದೆ ಬಿಡಲಿಲ್ಲ. ಬೀದರ್ ಪಟ್ಟಣದಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಮದರಸ ಕಟ್ಟಿಸಿದ. ಅದು ಬರೀ ನಮಾಜಿನ ಜಾಗ ಅಲ್ಲ. ದೂರದಿಂದ ಬಂದ ಹುಡುಗರು ಅಲ್ಲೇ ಉಳಿದು ಓದುವ ಜಾಗ. ಪಾಠದ ಕೋಣೆ, ಇರುವ ಕೋಣೆ, ಗ್ರಂಥಾಲಯ ಎಲ್ಲ ಇತ್ತು. ಬೀದರ್‌ಗೆ ಹೋದಾಗ ನಾನು ಆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನೀಲಿ ಹಂಚು ಉಳಿದಿರುವ ಆ ಮಿನಾರಿನ ಕೆಳಗೆ ಐನೂರು ವರ್ಷದ ಹಿಂದೆ ಯಾವುದೋ ಹುಡುಗ ಮನೆಯ ಊಟ ನೆನೆಸಿಕೊಂಡು, ಪಾಠ ಅರ್ಥವಾಗದೆ ಕೂತಿದ್ದಿರಬೇಕು. ಧರ್ಮ ಬೇರೆ ಇರಬಹುದು, ಆದರೆ ದೇವರನ್ನು ನಂಬಿ, ದೇವರ ಬಗ್ಗೆ ಓದಿ, ಕೇಳಿ, ತಿಳಿದುಕೊಳ್ಳುವುದು ಈ ಸೀಮೆಗೆ ಹೊಸದಲ್ಲ.

ನಮ್ಮ ಸಭೆಯ ಹಿರಿಯರಿಗೂ ಹೊಸದಾಗಿರಲಿಲ್ಲ. ನಿಜಾಮರ ಕಾಲದಲ್ಲಿ ಮೆಥೋಡಿಸ್ಟ್ ಮಿಷನರಿಗಳು ಇಲ್ಲಿ ಬರೀ ಚರ್ಚು ಕಟ್ಟಲಿಲ್ಲ. ಬೀದರ್‌ನಲ್ಲಿ ಮಿಷನ್ ಆಸ್ಪತ್ರೆ ಬಂತು, ಯಾದಗಿರಿಯಲ್ಲಿ ಹೋಲ್ಸ್ಟನ್ ಆಸ್ಪತ್ರೆ ಬಂತು. ನಾರ್ಮಾ ಫೆಂಡ್ರಿಕ್ ಹೆಸರಿನ ಶಾಲೆಯಲ್ಲಿ ಬೀದರ್‌ನ ಎಲ್ಲ ಧರ್ಮದ ಮಕ್ಕಳೂ ಓದಿದ್ದಾರೆ. ಬಾವಿ ಮುಟ್ಟಲು ಬಿಡದ ಕೇರಿಗಳಿಗೆ ಪಾಟಿ ಬಳಪ ಬಂದದ್ದು ಪ್ರಾರ್ಥನೆಯ ಜೊತೆಗೇ. ನನ್ನ ಅಜ್ಜ ಅಕ್ಷರ ಕಲಿತದ್ದು ಸತ್ಯವೇದ ಓದಲು. ಅದೇ ಅಕ್ಷರದಿಂದ ಆಮೇಲೆ ಸಾಹುಕಾರನ ಲೆಕ್ಕದ ಚೀಟಿಯನ್ನೂ ಓದಿ, ಇದು ತಪ್ಪು ಅಂತ ಹೇಳಿದ. ಆ ಓದನ್ನು ಯಾರೂ ಆಗ ನಂಬಿಕೆಗೆ ಕೇಡು ಅನ್ನಲಿಲ್ಲ.

(ಓದಿದರೆ ನಮ್ಮ ಬದುಕಿನ ಬಗ್ಗೆಯೂ ಪ್ರಶ್ನೆ ಬರುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ನಮ್ಮವರು ಇನ್ನೂ ಹೊರಗೇ. ಇದನ್ನು ನಾನು ಸರಿಯಾಗಿ ತಿಳಿದದ್ದು ಸೆಮಿನರಿಯ ತರಗತಿಯಲ್ಲಿ. ಅದರ ಬಗ್ಗೆ ಬೇರೆಯೇ ಬರೆಯಬೇಕು.)

ಪ್ರಶ್ನೆಗೆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಅಂತ ಈ ಮಳೆಗಾಲದಲ್ಲಿ ಕಣ್ಣಾರೆ ಕಂಡೆ.

ಒಂದು ಹಳ್ಳಿಯಲ್ಲಿ ಒಬ್ಬ ಆಯಿ ಇದ್ದಾರೆ. ಮುಂಗಾರು ಶುರುವಾಗುವ ಹೊತ್ತಿಗೆ ಅವರ ಮೊಮ್ಮಗ ಎಮ್ಮೆ ಹೊಡೆದುಕೊಂಡು ಹೊಲಕ್ಕೆ ಹೋಗಿದ್ದ. ಗುಡುಗು ಬಂತು ಅಂತ ಬೇವಿನ ಮರದ ಕೆಳಗೆ ನಿಂತ. ಸಿಡಿಲು ಬಡಿಯಿತು. ನಮ್ಮ ಕಡೆ ಇದು ಪ್ರತಿ ವರ್ಷದ ಸುದ್ದಿ, ನಿಮಗೂ ಗೊತ್ತು. ಆ ಹುಡುಗ ದಿನಾ ಮನೆ ಬಿಡುವಾಗ ಆಯಿ ಅವನ ತಲೆ ಮುಟ್ಟಿ ಪ್ರಾರ್ಥನೆ ಮಾಡುತ್ತಿದ್ದರು. ಆ ದಿನವೂ ಮಾಡಿದ್ದರು. ಮಣ್ಣು ಮಾಡಿ ಬಂದ ಸಂಜೆ ಆಯಿ ಎಲ್ಲರ ಎದುರು ಕೇಳಿದರಂತೆ: "ನಾ ಪ್ರಾರ್ಥನಾ ಮಾಡಿದ್ದು ಎಲ್ಲಿ ಹೋಯ್ತು?" ಯಾರೋ ಗದರಿಸಿದರಂತೆ. "ಹಂಗ ಕೇಳಬಾರದು ಆಯಿ, ದೇವರ ಚಿತ್ತ ಅದ." ಅಂದಿನಿಂದ ಆಯಿ ಚರ್ಚಿಗೆ ಬರುವುದು ಬಿಟ್ಟರು. ಮನೆಗೆ ಪ್ರಾರ್ಥನೆಗೆ ಹೋದವರಿಗೂ ಬಾಗಿಲು ತೆರೆಯಲಿಲ್ಲ. ಆಯಿಯ ನಂಬಿಕೆ ಬಿದ್ದುಹೋಯಿತು ಅಂತ ಊರಲ್ಲಿ ಮಾತಾಯಿತು.

ನಾನು ಹೋದಾಗ ಅವರು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಮೊರದಲ್ಲಿ ಹರಳು ಆರಿಸುತ್ತಾ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು. "ನೀನು ಓದಿದಾಕಿ. ಹೇಳು, ಯಾಕ ಹೋದ?" ನನಗೆ ಗೊತ್ತಿಲ್ಲ ಆಯಿ ಅಂದೆ. ಚೀಲದಿಂದ ಸತ್ಯವೇದ ತೆಗೆದು 88ನೇ ಕೀರ್ತನೆ ಓದಿದೆ. ಅದು ಬೇರೆ ಕೀರ್ತನೆಗಳ ಹಾಗಲ್ಲ. ಅದರ ಕೊನೆಯಲ್ಲಿ ಸ್ತೋತ್ರ ಇಲ್ಲ, ಸಮಾಧಾನ ಇಲ್ಲ. ಹಗಲು ರಾತ್ರಿ ಕೂಗಿದೆ, ಯಾಕೆ ಮುಖ ಮರೆಮಾಡಿಕೊಂಡೆ ಅಂತ ದೇವರನ್ನೇ ಕೇಳುತ್ತಾ, ಕತ್ತಲೆಯಲ್ಲೇ ಮುಗಿಯುತ್ತದೆ.

ಆಯಿಯ ಕೈ ನಿಂತಿತು. "ಇದು ನಮ್ಮ ಸತ್ಯವೇದದಾಗ ಅದೇನವ್ವಾ?" ಅಂದರು. ಹೌದು ಅಂತ ಪುಟ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ, ಆದರೂ ಬೆರಳಿಂದ ಆ ಸಾಲುಗಳನ್ನು ಮುಟ್ಟಿದರು. "ಮತ್ತೊಮ್ಮಿ ಓದು." ಮತ್ತೆ ಓದಿದೆ. ಆಗ ಅತ್ತರು. ಮಣ್ಣು ಮಾಡಿದ ದಿನದಿಂದ ಅವರು ಅತ್ತಿರಲಿಲ್ಲ ಅಂತ ಸೊಸೆ ಆಮೇಲೆ ಹೇಳಿದರು. ಮುಂದಿನ ಭಾನುವಾರ ಆಯಿ ಚರ್ಚಿಗೆ ಬಂದು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತರು. ಆ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಅದನ್ನು ಎಲ್ಲಿ ಕೇಳಬೇಕೋ ಅಲ್ಲಿ ಕೇಳುವುದಕ್ಕೆ ಈಗ ಜಾಗ ಸಿಕ್ಕಿದೆ.

ಹಿರಿಯರೆ, ಆ ಕೀರ್ತನೆಯನ್ನು ನನಗೆ ಸೆಮಿನರಿಯಲ್ಲಿ ಹೇಳಿಕೊಟ್ಟರು. ನಮ್ಮ ಸಭೆಗಳಲ್ಲಿ ಅದನ್ನು ಯಾರೂ ಓದಿದ್ದು ನಾನು ಕೇಳಿರಲಿಲ್ಲ. ನಾವು ಧೈರ್ಯ ಹೇಳುವ ಕೀರ್ತನೆಗಳನ್ನು ಓದುತ್ತೇವೆ: 23 ಓದುತ್ತೇವೆ, 91 ಓದುತ್ತೇವೆ, 121 ಓದುತ್ತೇವೆ. ಅವು ನನಗೂ ಪ್ರಾಣ. ಆದರೆ ಸಾವಿನ ಮನೆಯಲ್ಲಿ ಅವಿಷ್ಟೇ ಸಾಲುವುದಿಲ್ಲ.

ಇನ್ನೊಂದು ಮನೆಯ ಕಥೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಒಬ್ಬರಿಗೆ ಟಿಬಿ. 6 ತಿಂಗಳು ಮಾತ್ರೆ ತೆಗೆದುಕೊಳ್ಳಬೇಕು. ಎರಡು ತಿಂಗಳಿಗೆ ಕೆಮ್ಮು ಕಡಿಮೆಯಾಯಿತು. ಅಷ್ಟರಲ್ಲಿ ಊರಿಗೆ ಬಂದುಹೋದ ಒಬ್ಬ ಬೋಧಕರು, ವಾಸಿ ಮಾಡುವ ದೇವರನ್ನು ನಂಬಿದಮೇಲೆ ಮಾತ್ರೆ ಯಾಕೆ ಅಂದರಂತೆ. ಇವರು ಬಿಟ್ಟರು. ನಡುವೆ ಬಿಟ್ಟರೆ ರೋಗಾಣು ಆ ಔಷಧಿಗೆ ಬಗ್ಗದ ಹಾಗೆ ಗಟ್ಟಿಯಾಗುತ್ತದೆ, ಆಮೇಲೆ ಚಿಕಿತ್ಸೆ ಇನ್ನೂ ಕಷ್ಟ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋದೆ. ಜೊತೆ ಸೇವಕ ತಿಮೊಥೆಗೆ ಹೊಟ್ಟೆಯ ತೊಂದರೆ ಇದ್ದಾಗ ಪೌಲನು ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಬರೆದದ್ದನ್ನು ತೋರಿಸಿದೆ. ಲೂಕನನ್ನು ಪ್ರಿಯ ವೈದ್ಯ ಅಂತ ಕರೆದದ್ದನ್ನೂ ತೋರಿಸಿದೆ. ಅವರು ಮತ್ತೆ ಮಾತ್ರೆ ಶುರು ಮಾಡಿದರು. ಪ್ರಾರ್ಥನೆಯನ್ನೂ ಬಿಟ್ಟಿಲ್ಲ. "ಇದು ಹೌದಾ?" ಅಂತ ಆ ಬೋಧಕರನ್ನು ಕೇಳುವ ಧೈರ್ಯ ಆ ಮನೆಯಲ್ಲಿ ಒಬ್ಬರಿಗಾದರೂ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಪ್ರಶ್ನೆ ಕೇಳದ ಸಭೆಗೆ ಯಾರು ಬೇಕಾದರೂ ಬಂದು ಏನು ಬೇಕಾದರೂ ಹೇಳಿ ಹೋಗಬಹುದು. ನನಗೆ ನಿಜವಾಗಿ ಭಯ ಇರುವುದು ಅದರದ್ದು.

ಈಗ ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ.

ಭಾನುವಾರ ಆರಾಧನೆ ಆದಮೇಲೆ ಚಹಾ ಕುಡಿಯುತ್ತಾ ಹೇಗೂ ಎಲ್ಲರೂ ನಿಲ್ಲುತ್ತೇವೆ. ಆ ಹೊತ್ತಿನಲ್ಲಿ ಅವತ್ತು ಓದಿದ ಭಾಗದ ಬಗ್ಗೆ ಯಾರು ಬೇಕಾದರೂ ಕೇಳಲಿ. ಪಾಸ್ಟರ್‌ಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ, ಅದರಿಂದ ಅವರ ಗೌರವ ಕಡಿಮೆಯಾಗುವುದಿಲ್ಲ. ಹರೆಯದ ಮಕ್ಕಳು ಮೊಬೈಲಿನಲ್ಲಿ ಎಲ್ಲ ನೋಡುತ್ತಿದ್ದಾರೆ. ಅವರ ಪ್ರಶ್ನೆಗಳು ಹೇಗೂ ಇವೆ. ಅವು ನಮ್ಮ ಎದುರು ಬಂದರೆ ಒಳ್ಳೆಯದು. ಹಳ್ಳಿಗಳನ್ನು ಸುತ್ತುವ ಪಾಸ್ಟರ್‌ಗೆ ಪೆಟ್ರೋಲಿಗೆ ಕೊಡುವ ಹಾಗೆ, ವರ್ಷಕ್ಕೆ ಒಂದೆರಡು ಒಳ್ಳೆಯ ಪುಸ್ತಕಕ್ಕೂ ಕೊಡಿ.

ಬೇರೆಲ್ಲೂ ಸೀಟು ಸಿಗದ ಹುಡುಗನನ್ನು "ಸೆಮಿನರಿಗಾದ್ರೂ ಹೋಗ್ಲಿ" ಅಂತ ಕಳಿಸಬೇಡಿ. ಓದಿನಲ್ಲಿ ಆಸೆ ಇಲ್ಲದವನಿಗೆ ಅದು ಶಿಕ್ಷೆ. ಆಮೇಲೆ ಸಭೆಗೂ ಶಿಕ್ಷೆ. ಜಾಣ ಮಕ್ಕಳು ಡಾಕ್ಟರ್, ಎಂಜಿನಿಯರ್ ಆಗಲಿ, ಉಳಿದವರು ದೇವರಿಗೆ ಅನ್ನುವುದು ಸರಿಯಾದ ಕಾಣಿಕೆ ಅಲ್ಲ.

ಹೆಣ್ಣುಮಕ್ಕಳನ್ನೂ ಕಳಿಸಿ. ಇದನ್ನು ಒತ್ತಿ ಹೇಳುತ್ತೇನೆ. ಮನೆ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಕೂತು ಹೆಂಗಸರು ನನಗೆ ಹೇಳುವ ಮಾತುಗಳನ್ನು ಅವರು ಯಾವ ಗಂಡು ಪಾಸ್ಟರ್‌ಗೂ ಹೇಳಿಲ್ಲ. ಗಂಡನ ಕುಡಿತ, ಹೊಡೆತ, ಗರ್ಭ ನಿಲ್ಲದ ದುಃಖ, ಸೊಸೆಗೆ ಅತ್ತೆ, ಅತ್ತೆಗೆ ಸೊಸೆ. ಹಿಂದೆ ಬೈಬಲ್ ವುಮನ್ ಅಂತ ಅಕ್ಕಂದಿರು ಕೇರಿ ಕೇರಿ ಸುತ್ತುತ್ತಿದ್ದರು. ನಮ್ಮ ಸಭೆಗಳು ಉಳಿದದ್ದರಲ್ಲಿ ಅವರ ಕಾಲಿನ ಶ್ರಮ ಎಷ್ಟು ಅಂತ ನಿಮ್ಮ ತಾಯಂದಿರನ್ನು ಕೇಳಿ. ಮೆಥೋಡಿಸ್ಟ್ ಸಭೆ 1956ರಲ್ಲೇ ಹೆಂಗಸರಿಗೆ ಪಾಸ್ಟರ್ ಆಗುವ ಪೂರ್ತಿ ಹಕ್ಕು ಕೊಟ್ಟಿದೆ. ಭಾರತದ ಮೆಥೋಡಿಸ್ಟ್ ಸಭೆ 1981ರಲ್ಲಿ ಸ್ವತಂತ್ರವಾದಾಗ ಆ ಹಕ್ಕನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇದೇ ಸೀಮೆಯ ಒಂದು ಸಭೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಊರಿನ ಹೆಸರು ಬೇಡ, ಆ ಸಭೆಯ ಹಿರಿಯರಿಗೆ ತಮಗೇ ಗೊತ್ತಾಗುತ್ತದೆ. ಬಿ.ಎ. ಮುಗಿಸಿದ್ದಾಳೆ. ಸಂಡೇ ಸ್ಕೂಲ್ ಅವಳೇ ನಡೆಸುತ್ತಾಳೆ. ಸೆಮಿನರಿಗೆ ಹೋಗಬೇಕು ಅಂತ ಅವಳ ಆಸೆ. ಅರ್ಜಿಯ ಜೊತೆ ಸಭೆಯ ಶಿಫಾರಸು ಪತ್ರ ಬೇಕೇ ಬೇಕು, ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಅವಳು ಕಮಿಟಿಗೆ ಬರೆದುಕೊಟ್ಟ ಕಾಗದವನ್ನು ಬದಿಗೆ ಇಟ್ಟಿದ್ದಾರೆ. ಹೇಳಿದ ಕಾರಣ ಎರಡು. ಒಂದು, ಮದುವೆ ವಯಸ್ಸು. ಇನ್ನೊಂದು, ಹೋದವರನ್ನು ನೋಡಿದ್ದೀವಲ್ಲ ಅನ್ನುವುದು. ಆ ಹೋದವರಲ್ಲಿ ನಾನೂ ಒಬ್ಬಳು. ನನ್ನನ್ನು ನೋಡಿ ಅವಳ ದಾರಿ ಮುಚ್ಚಿದರೆ ಅದನ್ನು ನಾನು ಸುಮ್ಮನೆ ನೋಡಿಕೊಂಡು ಇರಲಾರೆ.

ಆ ಸಭೆಯ ಹಿರಿಯರೆ, ಮುಂದಿನ ಕಮಿಟಿಯಲ್ಲಿ ಆ ಕಾಗದವನ್ನು ಮತ್ತೆ ತೆಗೆಯಿರಿ. ಅವಳನ್ನೇ ಎದುರಿಗೆ ಕೂರಿಸಿ ಕೇಳಿ. ಯಾಕೆ ಹೋಗುತ್ತೀ, ಏನು ಓದುತ್ತೀ, ವಾಪಸ್ ಬರುತ್ತೀಯಾ ಅಂತ ನಿಮಗೆ ಏನೇನು ಕೇಳಬೇಕೋ ಎಲ್ಲ ಕೇಳಿ. ನನ್ನನ್ನೂ ಕೇಳುವುದಿದ್ದರೆ ಕರೆಸಿ, ಸೆಮಿನರಿಯ ಪಾಠದ ಪುಸ್ತಕಗಳನ್ನೇ ತರುತ್ತೇನೆ, ನೀವೇ ತೆಗೆದು ನೋಡಿ. ಫೀಸು ಚಿಂತೆಯಾದರೆ, ಸುಗ್ಗಿ ಹಬ್ಬದ ಲಿಲಾವಿನಲ್ಲಿ ಒಂದು ಕುಂಬಳಕಾಯಿಯನ್ನು ಸಾವಿರ ರೂಪಾಯಿಗೆ ಕೂಗಿ ದೇವರಿಗೆ ಕೊಡುವ ಜನ ನಾವು. ಈ ಸಲದ ಲಿಲಾವಿನ ಹಣದಲ್ಲಿ ಒಂದು ಪಾಲು ಅವಳ ಓದಿಗೆ ಇಡಬಹುದು. ಸೆಮಿನರಿಗಳಲ್ಲೂ ಸಹಾಯ ಸಿಗುತ್ತದೆ, ಅದಕ್ಕೆ ಹೇಗೆ ಬರೆಯಬೇಕು ಅಂತ ನಾನು ತೋರಿಸಿಕೊಡುತ್ತೇನೆ.

ಜೂನ್‌ನಲ್ಲಿ ತರಗತಿ ಶುರುವಾಗುತ್ತದೆ, ಅರ್ಜಿ ಅದಕ್ಕಿಂತ ಬಹಳ ಮುಂಚೆ ಹೋಗಬೇಕು. ಪತ್ರಕ್ಕೆ ಬೇಕಾದದ್ದು ಪಾಸ್ಟರ್ ಸಹಿ, ಕಮಿಟಿಯ ಕಾರ್ಯದರ್ಶಿ ಸಹಿ, ಸಭೆಯ ಸೀಲು. ನಾನು ಮೇ ಕೊನೆಯ ತನಕ ಇದೇ ಕಡೆ ಇರುತ್ತೇನೆ. ಯಾವ ಭಾನುವಾರ ಕರೆದರೂ ಬರುತ್ತೇನೆ.

ನಿಮ್ಮ ಪ್ರಾರ್ಥನೆಗಳಲ್ಲಿ ನೆನೆಯಿರಿ.

ಇಂತಿ,
ಬೀದರ್ ಜಿಲ್ಲೆಯ ಒಬ್ಬ ಸೆಮಿನರಿ ವಿದ್ಯಾರ್ಥಿನಿ